ಅಕ್ಕನ ಕುಬಸಕ್ಕೆ ಅಡ್ಡ ಬಂದ ಯುರೇನಿಯಂ

ನಾನು ಯುರೇನಿಯಂ ಸಂಯುಕ್ತಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಯುರೇನಿಯಂ ಅನ್ನು ಇದುವರೆಗೆ ನೋಡಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ಜನ ಎರಡನೆಯದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯವಲ್ಲ. ನನ್ನ ಯುರೇನಿಯಂ ಇರುವುದು ಕಂಪ್ಯೂಟರಿನೊಳಗೆ. ಆ ಕಂಪ್ಯೂಟರ್ ಕೂಡ ನನ್ನ ಕೋಣೆಯಲ್ಲಿಲ್ಲ. ವಿಶ್ವವಿದ್ಯಾಲಯದ ಬೇರೊಂದು ಕಟ್ಟಡದಲ್ಲಿ, ಸದಾ ತಣ್ಣಗಿರುವ ಒಂದು ಕೋಣೆಯಲ್ಲಿದೆ, ಅದರ ಕೀಲಿ ನನ್ನ ಹತ್ತಿರ ಇಲ್ಲ. ನನ್ನ ಮೇಜಿನಿಂದ ನಾನು ಲೆಕ್ಕ ಕಳಿಸುತ್ತೇನೆ. ಅದು ಬೇರೆಯವರ ಲೆಕ್ಕಗಳ ಹಿಂದೆ ಪಾಳಿ ಹಚ್ಚಿ ನಿಲ್ಲುತ್ತದೆ. ಕೆಲವು ದಿನಗಳ ಮೇಲೆ ಉತ್ತರ ಬರುತ್ತದೆ. ಎಷ್ಟೋ ಸಲ ಉತ್ತರದ ಬದಲು, ಲೆಕ್ಕ ನಡುವೆಯೇ ಕೆಟ್ಟು ನಿಂತಿದೆ ಎಂಬ ಸುದ್ದಿ ಬರುತ್ತದೆ. ಅಪಾಯಕಾರಿ ಧಾತುವಿನ ಜೊತೆ ನನ್ನ ಒಡನಾಟ ಇಷ್ಟೇ. ಇದುವರೆಗೆ ಆದ ಹಾನಿಯೆಂದರೆ ಕುತ್ತಿಗೆ ನೋವು.

ಬ್ಯಾಡಗಿಯಲ್ಲಿ ನನ್ನ ಬಗ್ಗೆ ಇದ್ದ ಕಲ್ಪನೆ ಬೇರೆ. ಅಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿಗೆ ಬಂದ ರೈತರು, ಖರೀದಿದಾರರು ಚಹಾ ಕುಡಿಯುತ್ತ "ಸಣ್ಣಾಕಿ ಏನ ಓದತಾಳ್ರಿ?" ಎಂದು ಕೇಳಿದರೆ ಅಪ್ಪ, "ಯುರೇನಿಯಂ ಮ್ಯಾಲ," ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕೇಳಿದವರೂ ಸುಮ್ಮನಾಗುತ್ತಿದ್ದರು. ಆ ಮೌನ ಅಪ್ಪನಿಗೆ ಇಷ್ಟ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೂ ಇಷ್ಟವೇ. ಊರಿನಲ್ಲಿ ಎರಡು ಮನೆಗೊಬ್ಬರು ಕಂಪ್ಯೂಟರ್ ಕೆಲಸದವರು; ನನ್ನದೂ ಕಂಪ್ಯೂಟರ್ ಕೆಲಸವೇ, ಆದರೆ ಅದಕ್ಕೆ ಯುರೇನಿಯಂ ಎಂಬ ಬಾಲ ಇರುವುದರಿಂದ ಮದುವೆ ಮನೆಗಳಲ್ಲಿ ಯಾರೂ ನನ್ನ ಪಗಾರವನ್ನು ಪಕ್ಕದ ಮನೆಯವರ ಮಗನ ಪಗಾರದ ಜೊತೆ ಹೋಲಿಸಿ ಮಾತಾಡುವುದಿಲ್ಲ.

ಕೆಲಸವೇನೆಂದು ಒಮ್ಮೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅನ್ಯಾಯವಾಗುತ್ತದೆ. ಯುರೇನಿಯಂ ಪರಮಾಣುವಿನಲ್ಲಿ ಕೆಲವು ಎಲೆಕ್ಟ್ರಾನುಗಳು ತಮ್ಮ ಪರಮಾಣುವಿನ ಹತ್ತಿರವೇ ಇರಬೇಕೋ ಅಥವಾ ಎಲ್ಲ ಕಡೆ ಅಡ್ಡಾಡಬೇಕೋ ಎಂಬುದನ್ನು ಸ್ವತಃ ನಿರ್ಧರಿಸುವುದಿಲ್ಲ. ಯಾರ ಜೊತೆ ಸೇರಿಸಿದರು ಎಂಬುದರ ಮೇಲೆ ಅದು ತೀರ್ಮಾನವಾಗುತ್ತದೆ. ಆಮ್ಲಜನಕದ ಜೊತೆ ಸೇರಿಸಿದರೆ ಮನೆಯಲ್ಲೇ ಕೂತುಬಿಡುತ್ತವೆ. ಸಾರಜನಕದ ಜೊತೆಯಾದರೆ ತಿರುಗಾಡುತ್ತವೆ. ಇನ್ನು ಕೆಲವು ಸಂಯುಕ್ತಗಳಲ್ಲಿ, ಭಯಂಕರ ಶೀತದಲ್ಲಿ, ಯಾವ ತಡೆಯೂ ಇಲ್ಲದೆ ವಿದ್ಯುತ್ತನ್ನು ಹರಿಸುತ್ತವೆ, ಅದೂ ಕಾಂತದ ಗುಣ ಬಿಡದೆ. ಅವೆರಡೂ ಒಂದೇ ಮನೆಯಲ್ಲಿ ಬಾಳುವುದಿಲ್ಲ ಎಂದು ನಮಗೆ ಮೊದಲು ಕಲಿಸಿದ್ದರು. ಇದೆಲ್ಲ ಶುದ್ಧ ಭೌತವಿಜ್ಞಾನ, ಇದರಿಂದ ಯಾರ ಮನೆಯ ದೀಪವೂ ಹತ್ತುವುದಿಲ್ಲ ಎನ್ನಿಸುತ್ತದೆ. ಆದರೆ ಹತ್ತುತ್ತದೆ. ಆಮ್ಲಜನಕದ ಜೊತೆ ಸೇರಿದ ಆ ಯುರೇನಿಯಂ ಡೈಆಕ್ಸೈಡೇ ಅಣು ವಿದ್ಯುತ್ ಸ್ಥಾವರಗಳ ಇಂಧನ, ಕಿರುಬೆರಳ ತುದಿಯಷ್ಟು ದಪ್ಪದ ಕಪ್ಪು ಬಿಲ್ಲೆ. ಅದರ ಎಲೆಕ್ಟ್ರಾನುಗಳು ಮನೆ ಬಿಟ್ಟು ಹೊರಡುವುದಿಲ್ಲವಾದ್ದರಿಂದ ಶಾಖವನ್ನು ಹೊತ್ತು ಹೊರಗೆ ಹಾಕುವವರು ಕಡಿಮೆ. ಹೀಗಾಗಿ ಬಿಲ್ಲೆಯ ಅಂಚಿಗಿಂತ ಅದರ ನಡುಭಾಗ ವಿಪರೀತ ಕಾಯುತ್ತದೆ. ಸಾರಜನಕದ ಸಂಯುಕ್ತವಾದರೆ ಶಾಖ ಬೇಗ ಹೊರಬೀಳುತ್ತದೆ, ಆದರೆ ಅದಕ್ಕೆ ನೀರು ಆಗಿಬರುವುದಿಲ್ಲ. ಎಲೆಕ್ಟ್ರಾನು ಮನೆಯಲ್ಲಿರುತ್ತದೋ ಹೊರಡುತ್ತದೋ ಎಂಬ ತಾತ್ವಿಕ ಪ್ರಶ್ನೆ ಹೀಗೆ ಒಂದು ಸ್ಥಾವರ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಈ ಎರಡರ ನಡುವಿನ ಸಣ್ಣ ಓಣಿಯಲ್ಲಿ ನಾನಿದ್ದೇನೆ.

ಅಪ್ಪನ ಅಂಗಡಿಯಿರುವ ಮಾರುಕಟ್ಟೆ ಯಾರ್ಡಿನ ಜನಕ್ಕೆ ಇದನ್ನು ಸುಲಭವಾಗಿ ಹೇಳಬಹುದು. ಸರಿಯಾಗಿ ಒಣಗದ ಮೆಣಸಿನಕಾಯಿಯನ್ನು ರಾಶಿ ಹಾಕಿದರೆ ಮೇಲೆ ತಣ್ಣಗಿದ್ದರೂ ಒಳಗೆ ಕೈ ಹಾಕಿದಾಗ ಬೆಚ್ಚಗಿರುತ್ತದಲ್ಲ, ಹಾಗೆ. ಆದರೆ ಈ ಹೋಲಿಕೆ ಪೂರ್ತಿ ಸರಿಯಲ್ಲ. ಯಾವ ಹೋಲಿಕೆ ಕೊಟ್ಟರೂ ಅದು ಪೂರ್ತಿ ಸರಿಯಲ್ಲ ಎಂದು ನಾನೇ ತಕ್ಷಣ ಸೇರಿಸುತ್ತೇನೆ. ಇದು ನನ್ನ ಚಟ. ಮುಂದೆ ಆದದ್ದಕ್ಕೆಲ್ಲ ಯುರೇನಿಯಂಗಿಂತ ಈ ಚಟವೇ ಹೆಚ್ಚು ಕಾರಣ.

ಅಕ್ಕನನ್ನು ಕೊಟ್ಟಿರುವುದು ರಾಣೇಬೆನ್ನೂರಿಗೆ. ಬೀಜದ ಅಂಗಡಿಯ ಮನೆತನ. ಅವಳಿಗೆ ಚೊಚ್ಚಲು. ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ: ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತೆಗೆದುಕೊಂಡು ಬೀಗರ ಮನೆಗೆ ಹೋಗುತ್ತಾರೆ, ಉಡಿ ತುಂಬುತ್ತಾರೆ, ಮಗಳನ್ನು ಹೆರಿಗೆಗೆ ಕರೆದುಕೊಂಡು ಬರುತ್ತಾರೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅವ್ವ ಅದಕ್ಕಾಗಿ ಮಳೆಗಾಲದಿಂದಲೇ ಹಳೆಯ ಮೆತ್ತನೆಯ ಸೀರೆಗಳನ್ನು ಎತ್ತಿಟ್ಟಿದ್ದಳು. ನಾನೂ ಪ್ರಬಂಧ ಬರೆಯುವ ನೆಪದಲ್ಲಿ ಕೆಲವು ತಿಂಗಳು ಮನೆಯಲ್ಲಿರಲು ಅನುಮತಿ ಪಡೆದಿದ್ದೆ. ಕಂಪ್ಯೂಟರ್ ಎಲ್ಲಿದ್ದರೂ ಅದೇ ಪಾಳಿ, ಅದೇ ಕಾಯುವಿಕೆ.

ನಾನು ಬ್ಯಾಗು ಕಟ್ಟುತ್ತಿದ್ದಾಗ ಅವ್ವನ ಫೋನು ಬಂತು.

"ಒಂದೀಟು ತಡದ ಬಾರವಾ," ಎಂದಳು.

"ಯಾಕ?"

"ಬೀಗತ್ಯಾರು ಒಂದ ಮಾತ ಕೇಳ್ಯಾರ. ನಿನ್ನ ಬಟ್ಟಿ-ಅರಿವಿಗೆ ಅದು ಹತ್ತಿರತೈತೇನು ಅಂತ."

"ಯಾವುದು?"

"ಅದ. ನೀ ಮಾಡೂದು."

ಅಕ್ಕನ ಅತ್ತೆಯ ಮನೆಯಲ್ಲಿ ಯಾರೋ, ಅಣುವಿನ ಕೆಲಸ ಮಾಡುವವರ ಹತ್ತಿರ ಬಸುರಿ ಹೋಗಬಾರದು ಎಂದಿದ್ದರಂತೆ. ತೀರ್ಮಾನ ಹೀಗಿತ್ತು: ಕುಬಸ ಆಗಲಿ, ಸೊಸೆ ಬ್ಯಾಡಗಿಗೆ ಹೋಗಲಿ, ಆದರೆ ಕೂಸು ಹುಟ್ಟಿ ಗಟ್ಟಿಯಾಗುವ ತನಕ ತಂಗಿ ಆ ಮನೆಯಲ್ಲಿ ಇರಬಾರದು. ಇದಕ್ಕೆ ಅಕ್ಕ ಹಾಕಿದ ಎದುರು ಷರತ್ತು ಇನ್ನೂ ಚಂದ: ತಂಗಿ ಇಲ್ಲದಿದ್ದರೆ ತಾನು ಬ್ಯಾಡಗಿಗೆ ಹೋಗುವುದೇ ಇಲ್ಲ, ರಾಣೇಬೆನ್ನೂರಿನಲ್ಲೇ ಹಡೆಯುತ್ತೇನೆ. ಎರಡರ ನಡುವೆ ಅವ್ವ, ಎತ್ತಿಟ್ಟ ಸೀರೆಗಳ ಗಂಟಿನ ಜೊತೆ.

ನಾನು ಮರುದಿನವೇ ಹೊರಟು ಬಂದೆ. ವಿಷಯ ಗೊತ್ತಿರುವವಳು ನಾನೊಬ್ಬಳೇ, ಹೋಗಿ ತಿಳಿಸಿ ಹೇಳಿದರೆ ಮುಗಿಯಿತು ಎಂಬ ಧೈರ್ಯ. ಅಂತರರಾಷ್ಟ್ರೀಯ ವಿಚಾರಸಂಕಿರಣದಲ್ಲಿ ಮಾತಾಡಿದವಳು ನಾನು. ಅಲ್ಲಿ ಪ್ರಶ್ನೆ ಕೇಳಿದವರು ಒಬ್ಬರೇ, ಅವರೂ ಊಟ ಎಷ್ಟು ಹೊತ್ತಿಗೆ ಎಂದು ಸಂಘಟಕರನ್ನು ಕೇಳಿದರು. ಆದರೂ ಅನುಭವ ಅನುಭವವೇ.

ಅವ್ವ ಮತ್ತು ನಾನು ರೈಲಿನಲ್ಲಿ ರಾಣೇಬೆನ್ನೂರಿಗೆ ಹೋದೆವು. ಬೀಗರ ಮನೆ ಅಂಗಡಿಯ ಮೇಲೆಯೇ. ಹೊಸದಾಗಿ ಅಡುಗೆಮನೆ ಮಾಡಿಸಿದ್ದರು, ಕರಿ ಗ್ರಾನೈಟಿನ ಕಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅಕ್ಕ ಅದಕ್ಕೆ ಒರಗಿ ನಿಂತು ನಮಗೆ ಚಹಾ ಸೋಸುತ್ತಿದ್ದಳು. ಅವಳ ಮಾವ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅತ್ತೆ ನೆಲದ ಮೇಲೆ ನನ್ನ ಎದುರಿಗೆ ಕೂತರು. ಅಂಗಡಿಯಲ್ಲಿ ನಿಜವಾದ ಯಜಮಾನಿಕೆ ಅವರದೇ ಎಂದು ಊರಿಗೆಲ್ಲ ಗೊತ್ತು.

"ತಪ್ಪ ತಿಳಕೋಬ್ಯಾಡವಾ," ಎಂದರು ಅತ್ತೆ. "ನೀ ಓದಿದಾಕಿ, ಅದಕ ನಿನ್ನ ಕೇಳತೇನಿ. ಆ ಯುರೇನಿಯಂದಿಂದ ಹೊಟ್ಟ್ಯಾಗಿನ ಕೂಸಿಗೆ ಏನರ ಆಗತೈತೇನು?"

ಇದಕ್ಕೆ ಸರಿಯಾದ ಉತ್ತರ 'ಇಲ್ರಿ' ಎಂಬುದು. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು.

"ಅದು ಎಷ್ಟು ಪ್ರಮಾಣ, ಎಷ್ಟು ದೂರ, ಎಷ್ಟು ಹೊತ್ತು ಅನ್ನೂದರ ಮ್ಯಾಲ ಐತ್ರಿ ಅತ್ತ್ಯಾರ," ಎಂದೆ.

"ಅಂದ್ರ ಆಗತೈತಿ," ಎಂದರು ಮಾವ.

"ಹಂಗಲ್ರಿ. ನಾ ಅದನ್ನ ಮುಟ್ಟೇ ಇಲ್ರಿ."

"ಮುಂದ ಮುಟ್ಟತೀಯೇನು?" ಅತ್ತೆ ಕೇಳಿದರು.

"ಮುಟ್ಟಾಂಗಿಲ್ರಿ. ಮುಂದಿನ ವರ್ಷ ಪ್ರಯೋಗ ಮಾಡೋ ಕಡೆ ಹೋದ್ರ ಒಮ್ಮೆ ನೋಡಬಹುದು. ಗಾಜಿನ ಹಿಂದ ಇಟ್ಟಿರತಾರ."

"ಏನೂ ಆಗಾಂಗಿಲ್ಲಂದ್ರ ಗಾಜ ಯಾಕ ಇಟ್ಟಾರವಾ?"

ಈ ಪ್ರಶ್ನೆಯಲ್ಲಿ ತಪ್ಪು ಹುಡುಕಲು ನನಗೆ ಇನ್ನೂ ಆಗಿಲ್ಲ.

"ಹೊಳಿತೈತೇನದು?" ಮಾವನಿಗೆ ಕುತೂಹಲ ಹುಟ್ಟಿತ್ತು. "ನಮ್ಮ ಗಾಡಿಗೆ ಹಚ್ಚಿಸೇವಲ್ಲ, ರೇಡಿಯಂ ಸ್ಟಿಕ್ಕರ್, ಹಂಗ?"

"ಇಲ್ರಿ ಮಾವಾರ, ಆ ಸ್ಟಿಕ್ಕರ್‌ನ್ಯಾಗ ರೇಡಿಯಂ ಇರಾಂಗಿಲ್ರಿ. ಅದು ಬೆಳಕ ಬಿದ್ರ ತಿರುಗಿಸಿ ಕೊಡತೈತಿ, ಅಷ್ಟ."

"ಮತ್ತ ರೇಡಿಯಂ ಅಂತ ರೊಕ್ಕ ಇಸಗೊಂಡ್ನಲ್ಲವಾ ಅಂವಾ," ಎಂದು ಅವರು ಆ ಕಡೆ ಚಿಂತೆಗೆ ಬಿದ್ದರು.

ನಾನು ಬೆವರುತ್ತಿದ್ದೆ. ಆಗ ನನಗೆ, ನನ್ನ ಸಂಶೋಧನೆಯ ಗುರುಗಳು ಸಾರ್ವಜನಿಕ ಉಪನ್ಯಾಸಗಳಲ್ಲಿ ಬಳಸುವ ಮಾತು ನೆನಪಾಯಿತು. ಅದನ್ನು ಹೇಳಿದ ತಕ್ಷಣ ಸಭೆಯಲ್ಲಿ ಸಮಾಧಾನದ ನಗು ಹರಡುವುದನ್ನು ನಾನೇ ನೋಡಿದ್ದೇನೆ.

"ಅತ್ತ್ಯಾರ, ಯುರೇನಿಯಂ ಅಂದ್ರ ಅಂಜಬಾರದ್ರಿ. ಅದು ಎಲ್ಲಾ ಕಡೆ ಒಂದೀಟೀಟು ಐತಿ. ಹೊಲದ ಮಣ್ಣಾಗ ಐತಿ. ಬೋರಿನ ನೀರಾಗ ಐತಿ. ಈ ಗ್ರಾನೈಟ್ ಕಟ್ಟ್ಯಾಗೂ ಐತಿ. ನಾವು ಹುಟ್ಟಿದಾಗಿಂದ ಅದರ ನಡುವನ ಇದ್ದೇವಿ."

ಯಾರೂ ನಗಲಿಲ್ಲ. ಎಲ್ಲರೂ ಕಟ್ಟೆಯನ್ನು ನೋಡಿದರು. ಅಕ್ಕ ಹೊಟ್ಟೆಯನ್ನು ಅದಕ್ಕೆ ತಾಗಿಸಿಕೊಂಡು, ಸೋಸುವ ಜರಡಿ ಹಿಡಿದು ನಿಂತಿದ್ದಳು.

"ನೀ ಸ್ವಲ್ಪ ಈ ಕಡೆ ಬಾರವಾ," ಎಂದರು ಅತ್ತೆ, ಬಹಳ ಮೆಲ್ಲಗೆ.

ತಿರುಗಿ ಬರುವಾಗ ಅವ್ವ ರೈಲಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ಬ್ಯಾಡಗಿ ನಿಲ್ದಾಣದಲ್ಲಿ ಇಳಿದ ಮೇಲೆ ಮಾತಾಡಿದಳು.

"ಇಲ್ಲ ಅಂದಿದ್ರ ನಿನ್ನ ಬಾಯಿ ನೋವಾಗತಿತ್ತೇನು?"

"ಸುಳ್ಳ ಆಗತಿತ್ತವಾ."

"ಎಷ್ಟ ಸುಳ್ಳು?"

"ಭಾಳ ಸಣ್ಣದು."

"ಮತ್ತ ಹೇಳಬೇಕಿಲ್ಲ?"

ಒಂದು ವಾರದೊಳಗೆ ನನ್ನ ಉಪನ್ಯಾಸದ ಫಲಗಳು ಬಂದವು. ರಾಣೇಬೆನ್ನೂರಿನ ಮನೆಯಲ್ಲಿ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನು ತರಿಸತೊಡಗಿದರು. ಕಟ್ಟೆಯ ಮೇಲೆ ದಪ್ಪ ಮೇಣಗಪ್ಪಡ ಹಾಸಿದರು; ಗಾಜಿನ ಬದಲು ಮೇಣಗಪ್ಪಡ. ಅಕ್ಕನಿಗೆ ಅಡುಗೆಮನೆ ಬಂದ್ ಆಯಿತು.

"ನಿನ್ನಿಂದ ಒಂದ ಉಪಕಾರ ಆತು ನೋಡು," ಎಂದಳು ಅಕ್ಕ ಫೋನಿನಲ್ಲಿ. "ರೊಟ್ಟಿ ಬಡಿಯೂದು ತಪ್ಪೇತಿ. ನಮ್ಮತ್ತಿನ ಬಡದು ನನಗ ಹಾಕಿಕೊಡತಾರ. ಇನ್ನೇನರ ಇದ್ರ ಹೇಳು, ಅರಿವಿ ಒಗಿಯೂ ಕಲ್ಲಿನ್ಯಾಗ ಐತೇನು?"

"ಅದು ಎಂಥಾ ಕಲ್ಲು ಅನ್ನೂದರ ಮ್ಯಾಲ ಐತಿ," ಎಂದೆ. ಆಗಲೂ ನನಗೆ ನಿಖರತೆ ಬಿಡಲಾಗಲಿಲ್ಲ.

ಅವಳು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಆದ್ರ ಒಂದ ಹೇಳತೇನಿ. ನೀ ಇರಲಿಲ್ಲಂದ್ರ ನಾ ಬರಾಂಗಿಲ್ಲ. ಅವ್ವ ಅತ್ರೂ ಬರಾಂಗಿಲ್ಲ."

ಅವ್ವ ಅಳುವವಳಲ್ಲ. ಆಕೆ ಹಾವೇರಿಗೆ ಹೋಗಿ ಅಕ್ಕನನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರಮ್ಮನನ್ನೇ ಕೇಳಿಬಂದಳು. ಅಲ್ಲಿ ಆ ದಿನ ಗದ್ದಲ. ಮಗಳು ಅಣುವಿನ ಕೆಲಸದವರ ಹತ್ತಿರ ಇರಬಹುದೇ ಎಂದು ಅವ್ವ ಕೇಳಿದ್ದನ್ನು ಡಾಕ್ಟರಮ್ಮ ಅರ್ಧ ಕೇಳಿಸಿಕೊಂಡು, "ಎಕ್ಸ್‌ರೇ ರೂಮಿನ ಕಡೆ ಒಂದು ಹೋಗಬ್ಯಾಡ್ರಿ, ಉಳಿದದ್ದೇನೂ ಇಲ್ಲ," ಎಂದರಂತೆ. ನಮ್ಮ ಮನೆಯಲ್ಲಿ ಇದರ ಮೇಲೆ ಚರ್ಚೆ ನಡೆಯಿತು. ನಾನು ಎಕ್ಸ್‌ರೇ ರೂಮಿನ ಲೆಕ್ಕಕ್ಕೆ ಬರುತ್ತೇನೋ, ಉಳಿದದ್ದರ ಲೆಕ್ಕಕ್ಕೋ ಎಂಬುದು ಪ್ರಶ್ನೆ. ಅವ್ವನ ಮನಸ್ಸು ಉಳಿದದ್ದರ ಕಡೆಗಿತ್ತು, ಆದರೆ ರಾಣೇಬೆನ್ನೂರು ತಲುಪುವಷ್ಟರಲ್ಲಿ ನಾನು ಎಕ್ಸ್‌ರೇ ರೂಮಾಗಿದ್ದೆ.

ಅಪ್ಪ ಒಂದು ದಾರಿ ಹೇಳಿದರು. "ಕಂಪ್ಯೂಟರ್ ಕೆಲಸ ಅಂತ ಹೇಳಿಬಿಡೂಣು. ಖರೇನೂ ಆತು, ಭಯಾನೂ ಹೋತು. ಇಲ್ಲಿವರೆಗೆ ಹೇಳಿದ್ದು ನಂದ ತಪ್ಪು ಅಂತೇನಿ."

ಅದು ಅತ್ಯಂತ ನಿಖರವಾದ ವಾಕ್ಯವಾಗಿತ್ತು. ನಾನು ಒಪ್ಪಬೇಕಿತ್ತು. ಬದಲಿಗೆ, ಕಂಪ್ಯೂಟರ್ ಕೆಲಸ ಎಂದರೆ ಜನ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ, ನನ್ನದು ಮೂಲಭೂತ ಭೌತವಿಜ್ಞಾನ, ಅದು ಗಣಕದ ನೆರವಿನಿಂದ ನಡೆಯುತ್ತದೆ ಅಷ್ಟೇ ಎಂದು ದೀರ್ಘವಾಗಿ ವಿವರಿಸಿದೆ. ಅಪ್ಪ ಪೂರ್ತಿ ಕೇಳಿ, "ಹಂಗಾರ ಅಂಜಲಿ ಬಿಡು ಅವ್ರು," ಎಂದು ಅಂಗಡಿಗೆ ಹೋದರು. ಅಕ್ಕನ ಬಾಣಂತನವೋ ಯುರೇನಿಯಂ ಎಂಬ ಬಾಲವೋ ಎಂದು ಕೇಳಿದ್ದರೆ ನಾನು ಖಂಡಿತ ಅಕ್ಕ ಎನ್ನುತ್ತಿದ್ದೆ. ಹಾಗೆ ನೇರವಾಗಿ ಯಾರೂ ಕೇಳಲಿಲ್ಲ, ಅದೇ ನನ್ನ ಅದೃಷ್ಟ.

ಕುಬಸಕ್ಕೆ ಗೊತ್ತು ಮಾಡಿದ ದಿನ ಹತ್ತಿರ ಬಂದಾಗ ಅಕ್ಕನ ಅತ್ತೆ ತಾವೇ ಬ್ಯಾಡಗಿಗೆ ಬಂದರು. ಬೆಳಗಿನ ಹೊತ್ತು, ಮುಂಚೆ ಹೇಳದೆ, ಒಂದು ಕೈಚೀಲದ ಜೊತೆ. ಚಹಾ ಕುಡಿದು, "ನಿನ್ನ ಖೋಲಿ ತೋರಿಸವಾ," ಎಂದರು.

ನನ್ನ ಖೋಲಿಯೊಳಗೆ ಬೇರೆಯವರು ಬರುವುದು ನನಗೆ ಆಗುವುದಿಲ್ಲ. ಮನೆಯವರು ಕೂಡ ಬಾಗಿಲಲ್ಲಿ ನಿಂತೇ ಮಾತಾಡುತ್ತಾರೆ. ಅತ್ತೆ ಒಳಗೆ ಬಂದು ಅಲಮಾರಿ ತೆಗೆದರು, ನನ್ನ ಒಂದು ಕುರ್ತಾ ಎತ್ತಿ ಮೂಸಿದರು, ಮಡಚಿದ್ದನ್ನು ನನಗಿಂತ ಚೆನ್ನಾಗಿ ಮಡಚಿ ಇಟ್ಟರು. ಆಮೇಲೆ ಮಂಚದ ಮೇಲೆ ಕೂತರು.

"ಎಲ್ಲೈತಿ ಅದು?"

ನಾನು ಲ್ಯಾಪ್‌ಟಾಪ್ ತೆರೆದು ಯುರೇನಿಯಂ ಡೈಆಕ್ಸೈಡಿನ ಚಿತ್ರ ತೋರಿಸಿದೆ. ಪರದೆಯ ಮೇಲೆ ಒಂದು ಚೌಕದ ಪೆಟ್ಟಿಗೆ, ಅದರೊಳಗೆ ನೀಲಿ ಗುಂಡು, ಕೆಂಪು ಗುಂಡು. ಬೆರಳಿನಿಂದ ಅದನ್ನು ತಿರುಗಿಸಿದೆ. ನೀಲಿಯದು ಯುರೇನಿಯಂ, ಕೆಂಪು ಆಮ್ಲಜನಕ, ಒಂದೊಂದು ನೀಲಿಯ ಸುತ್ತ ಎಂಟು ಕೆಂಪು ಎಂದೆ. ಈ ಗುಂಡುಗಳು ನಡುಗಿದಾಗ ಬಿಸಿ ಹೇಗೆ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ ಎಂದೆ.

ಅತ್ತೆ ಪರದೆಗೆ ಮುಖ ತಂದು ನೋಡಿದರು.

"ಇಷ್ಟನ?"

"ಇಷ್ಟರಿ."

"ಬ್ಯಾರೆ ಏನೂ ಇಲ್ಲ?"

"ಇಲ್ರಿ."

ಅವರ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದುಕೊಂಡಿದ್ದೆ. ಕಂಡದ್ದು ಬೇಸರ. "ನಮ್ಮ ಓಣ್ಯಾಗ ನಾ ಬ್ಯಾರೆ ಹೇಳೇನಲ್ಲವಾ," ಎಂದರು. "ನಮ್ಮ ಸೊಸಿ ತಂಗಿ ದೊಡ್ಡ ಅಣುವಿನ ಕೆಲಸದಾಗ ಅದಾಳ, ಕರೆಂಟ್ ಅಕಿ ಕೈಯಾಗಿಂದನ ಬರತೈತಿ ಅಂತ. ನಮ್ಮ ಮೈದುನನ ಹೇಣ್ತಿ ಅದಾಳಲ್ಲ, ನನ್ನ ನೆಗೆಣ್ಣಿ, ಅಕಿಗೆ ಅದನ್ನ ಕೇಳಿ ತಡಕೊಳ್ಳಾಕ ಆಗಲಿಲ್ಲ. ಹಂಗಾರ ಬಸುರಿನ್ನ ಅಲ್ಲಿ ಹೆಂಗ ಕಳಸತೀಯಕ್ಕಾ ಅಂತ ಎಲ್ಲಾರ ಮುಂದ ಕೇಳಿದ್ಲು. ನಾ ಏನ ಅನ್ಲಿ?"

ಹೀಗೆ ನನ್ನ ವಿಷಯದಲ್ಲಿ ಭಯ ಹುಟ್ಟಿದ್ದು ಹೆಮ್ಮೆಯಿಂದ ಎಂದು ನನಗೆ ತಿಳಿಯಿತು. ಅಪ್ಪ ಸುಮ್ಮನಿದ್ದು ಬೆಳೆಸಿದ್ದನ್ನು ಅತ್ತೆ ಮಾತಾಡಿ ಬೆಳೆಸಿದ್ದರು. ಮೂವರಲ್ಲಿ ಹೆಚ್ಚು ಲಾಭ ಪಡೆದವಳು ನಾನು.

ಅತ್ತೆ ಎದ್ದು ಕೈಚೀಲ ತೆಗೆದುಕೊಂಡು ಹಿತ್ತಲಿಗೆ ನಡೆದರು. "ಬಚ್ಚಲ ಒಲಿ ಹತ್ತೇತೇನ್ರಿ?" ಎಂದು ಅವ್ವನನ್ನು ಕೇಳಿದರು. "ಇಕಿ ದೃಷ್ಟಿ ತಗದಬಿಡತೇನಿ. ಏನಿದ್ರೂ ಗೊತ್ತಾಗತೈತಿ."

ದೃಷ್ಟಿ ತೆಗೆಯುವ ಕ್ರಮ ಎಲ್ಲ ಕಡೆ ಒಂದೇ. ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಮನುಷ್ಯನ ಸುತ್ತ ಇಳಿಸಿ ಬೆಂಕಿಗೆ ಹಾಕುತ್ತಾರೆ. ಘಾಟು ಎದ್ದು ಕೆಮ್ಮು ಬಂದರೆ ಆ ಮನುಷ್ಯನಿಗೆ ಏನೂ ಆಗಿಲ್ಲ. ಘಾಟು ಬರಲಿಲ್ಲವೆಂದರೆ ದೃಷ್ಟಿ ಆಗಿದೆ, ಮೆಣಸಿನಕಾಯಿ ಅದನ್ನು ತಿಂದುಕೊಂಡಿತು ಎಂದು ಅರ್ಥ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ ಕಡಿಮೆ. ನಮ್ಮ ಮನೆಯಲ್ಲಿ ಅದನ್ನೇ ಸುಡುತ್ತಿದ್ದುದರಿಂದ ಚಿಕ್ಕಂದಿನಲ್ಲಿ ಪ್ರತಿ ಸಲವೂ ನನಗೆ ವಿಪರೀತ ದೃಷ್ಟಿಯಾಗಿದೆ ಎಂದೇ ತೀರ್ಮಾನವಾಗುತ್ತಿತ್ತು. ನನ್ನ ಮೇಲೆ ಅಷ್ಟೊಂದು ಜನರ ಕಣ್ಣಿದೆ ಎಂದು ನಂಬಿ ನಾನು ಬೆಳೆದೆ.

ಅವ್ವ ಡಬ್ಬಿಯಿಂದ ಮೆಣಸಿನಕಾಯಿ ತಂದಳು. ಅತ್ತೆ ಬೇಡವೆಂದು ಕೈ ಮಾಡಿ, ತಮ್ಮ ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದರು. ನುಣ್ಣನೆಯ, ಸಣ್ಣ, ಗುಂಟೂರು ಕಾಯಿ.

"ನಮ್ಮ ಮನ್ಯಾಗ ಮೆಣಸಿನಕಾಯಿಗೆ ಬರ ಬಂದೈತೇನ್ರಿ ಬೀಗತ್ಯಾರ?" ಅವ್ವನ ದನಿ ಬದಲಾಯಿತು.

"ನಿಮ್ಮದು ಸಾರಿಗೆ ಛಲೋರಿ. ಈ ಕೆಲಸಕ್ಕ ಆಗಾಂಗಿಲ್ಲ."

ಅಪ್ಪ ಹಿತ್ತಲ ಬಾಗಿಲಿಗೆ ಬಂದಿದ್ದರು. ಬ್ಯಾಡಗಿಯ ದಲಾಲರ ಮನೆಯಲ್ಲಿ ಗುಂಟೂರು ಕಾಯಿ ಬೆಂಕಿಗೆ ಬೀಳುವುದನ್ನು ಅವರು ಯಾವ ಮುಖದಿಂದ ನೋಡಿದರೋ ಅದನ್ನು ಬರೆಯಲಾರೆ.

ನನ್ನನ್ನು ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿದರು. ಅತ್ತೆ ಮುಷ್ಟಿ ಇಳಿಸಿದರು, ಬಾಯಲ್ಲಿ ಏನೋ ಅಂದುಕೊಂಡರು, ಮೂರು ಸಲ ಥೂ ಎಂದರು, ಒಲೆಗೆ ಹಾಕಿದರು. ಸ್ವಲ್ಪ ಹೊತ್ತು ಸಾಸಿವೆ ಚಟಪಟ ಎಂದಿತು. ಆಮೇಲೆ ಘಾಟು ಬಂತು. ನನಗೆ ಎದೆಯೊಳಗಿಂದ ಕೆಮ್ಮು ಕಿತ್ತುಕೊಂಡು ಬಂತು, ಅವ್ವ ಸೆರಗು ಮೂಗಿಗೆ ಹಿಡಿದು ಗೋಡೆ ಹಿಡಿದಳು, ಮೆಣಸಿನಕಾಯಿ ರಾಶಿಗಳ ನಡುವೆ ಜೀವಮಾನ ಕಳೆದ ಅಪ್ಪ ಬಗ್ಗಿ ಮೊಣಕಾಲಿನ ಮೇಲೆ ಕೈ ಇಟ್ಟು ಕೆಮ್ಮಿದರು. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, "ಯಾರಿಗ್ರೀ ದೃಷ್ಟಿ ತಗದಿದ್ದು? ಸತ್ತೇವಲ್ರಿ ನಾವು," ಎಂದು ಕೂಗಿದಳು.

"ಘಾಟ ಬಂತು," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಇಕಿಗೇನೂ ಇಲ್ಲ. ಸ್ವಚ್ಛ ಅದಾಳ."

ಇಷ್ಟು ವರ್ಷ ಕಲಿತ ಶಿಸ್ತು ನನ್ನೊಳಗೆ ಎದ್ದು ನಿಂತಿತು. ಇದು ಪರೀಕ್ಷೆಯೇ ಅಲ್ಲ. ಹೋಲಿಸಿ ನೋಡಲು ಇನ್ನೊಬ್ಬರ ಸುತ್ತ ಇಳಿಸಿದ ಅದೇ ಕಾಯಿ ಬೇಕು, ಯಾರ ಸುತ್ತಲೂ ಇಳಿಸದ ಕಾಯಿಯೂ ಬೇಕು, ಅವ್ವ ತಂದ ಬ್ಯಾಡಗಿ ಕಾಯಿಯನ್ನೂ ಸುಟ್ಟು ನೋಡಬೇಕು. ಗುಂಟೂರು ಕಾಯಿಯನ್ನು ಕಂಬದ ಸುತ್ತ ಇಳಿಸಿ ಹಾಕಿದರೂ ಓಣಿ ಕೆಮ್ಮುತ್ತದೆ. ಇಷ್ಟನ್ನೂ ಹೇಳಲು ಬಾಯಿ ತೆರೆದೆ. ಕೆಮ್ಮು ಬಿಡಲಿಲ್ಲ. ಕಣ್ಣೀರಿನ ನಡುವೆ ಅವ್ವ ನನ್ನನ್ನು ನೋಡುತ್ತಿರುವುದು ಕಾಣಿಸಿತು, ಒಂದು ಶಬ್ದ ಆಡಿದರೆ ಈ ಒಲೆಗೆ ನಿನ್ನನ್ನೇ ಹಾಕುತ್ತೇನೆ ಎಂಬಂತೆ. ಬಾಯಿ ಮುಚ್ಚಿದೆ. ವಿಧಾನ ತಪ್ಪು, ಫಲಿತಾಂಶ ನನಗೆ ಬೇಕಾದದ್ದು. ಬೇರೆಯವರ ಪ್ರಬಂಧಗಳಲ್ಲಿ ಇಂಥದ್ದು ಕಂಡರೆ ನಾನು ಅಂಚಿನಲ್ಲಿ ಕೆಂಪು ಗೆರೆ ಎಳೆಯುತ್ತೇನೆ.

ಆಟೋ ಬರುವ ತನಕ ಅತ್ತೆಯ ಜೊತೆ ಬಾಗಿಲಲ್ಲಿ ನಿಂತಿದ್ದೆ. "ಅತ್ತ್ಯಾರ, ಆ ಕಾಯಿ ಯಾರಿಗೆ ಹಾಕಿದ್ರೂ ಘಾಟ ಬರತಿತ್ತಲ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ನನ್ನನ್ನು ಅಂಗಡಿಯಲ್ಲಿ ಬೀಜದ ದರ ಕೇಳುವವರನ್ನು ನೋಡಿದ ಹಾಗೆ ನೋಡಿದರು.

"ಅದಕ ತಂದೇನಿ ಹುಡುಗಿ. ನಾಳಿ ನೆಗೆಣ್ಣಿ ಕೇಳಿದ್ರ ನಾ ಏನ ಹೇಳ್ಲಿ? ಪ್ರಮಾಣ, ದೂರ, ಹೊತ್ತು? ಘಾಟ ಬಂತು ಅಂತೇನಿ. ಮುಗೀತು." ಆಟೋ ಹತ್ತಿ ಕೂತು ಮತ್ತೆ ಬಗ್ಗಿ ಹೇಳಿದರು, "ಆ ನೀಲಿ ಗುಂಡಿನ ಸುದ್ದಿ ನಮ್ಮೂರಾಗ ಯಾರಿಗೂ ಹೇಳಬ್ಯಾಡ."

ಕುಬಸ ಚೆನ್ನಾಗಿ ಆಯಿತು. ಹಸಿರು ಬಳೆ ತೊಡಿಸುವಾಗ ನೆಗೆಣ್ಣಿಯವರು ಎದುರೇ ಕೂತು ನನ್ನ ಕೈಗಳನ್ನೇ ನೋಡುತ್ತಿದ್ದರು. ನಾನು ಎರಡು ಬಳೆ ಒಡೆದೆ. ಅದಕ್ಕೂ ಯುರೇನಿಯಂಗೂ ಸಂಬಂಧವಿಲ್ಲ, ನನಗೆ ಬಳೆ ತೊಡಿಸಲು ಬರುವುದಿಲ್ಲ. ಅಕ್ಕನನ್ನು ಕರೆದುಕೊಂಡು ಬಂದೆವು. ನಮ್ಮ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿರುವುದು ನನ್ನ ಖೋಲಿಯಲ್ಲೇ, ಅವ್ವ ಅವಳಿಗೆ ಅದನ್ನೇ ಗೊತ್ತು ಮಾಡಿದಳು. ನನಗೆ ನೆಲದ ಮೇಲೆ ಹಾಸಿಗೆ.

ಮಾರನೆಯ ಮಧ್ಯಾಹ್ನ ಅವ್ವ ಹಳೆಯ ಸೀರೆಗಳ ಗಂಟು ತಂದು ನಮ್ಮ ಮುಂದೆ ಹಾಕಿದಳು. ಕೂಸಿಗೆ ಹಾಸಿ ಹೊದಿಸುವ ದುಪ್ಪಟಿಗೆ ಹರಿಯಬೇಕಿತ್ತು. ಅವ್ವ ಒಳಗೆ ಹೋದ ಮೇಲೆ ಅಕ್ಕ ಒಂದು ತುದಿ, ನಾನು ಒಂದು ತುದಿ ಹಿಡಿದು ಹರಿಯುತ್ತ ಕೂತೆವು. ಅಕ್ಕ ತನ್ನ ಅತ್ತೆ ನನ್ನ ಬಗ್ಗೆ ಈಗ ಓಣಿಯಲ್ಲಿ ಏನು ಹೇಳುತ್ತಿದ್ದಾರೆ ಎಂದು ಹೇಳಿ ನಗಿಸಿದಳು. ಆಮೇಲೆ ಇನ್ನೊಂದು ಸೀರೆ ಬಿಚ್ಚಿದೆವು. ಅವಳು ಬಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಏ, ಖರೇ ಹೇಳು. ಈ ಖೋಲ್ಯಾಗ ನಾ ಮಲಗಿದ್ರ ಕೂಸಿಗೆ ಏನೂ ಆಗಾಂಗಿಲ್ಲಲ್ಲ?"

ನಾನು ಅವಳನ್ನೇ ನೋಡಿದೆ. ಅಷ್ಟು ದಿನ ಆ ಮನೆಯಲ್ಲಿ ನನ್ನ ಪರವಾಗಿ ಹಟ ಹಿಡಿದು ಕೂತವಳು ಇವಳು. ಹಟ ಹಿಡಿದು ಕೂತಾಗೆಲ್ಲ ಇವಳಿಗೂ ಅಂಜಿಕೆ ಇತ್ತು. ಅಂಜಿಕೆ ಇಟ್ಟುಕೊಂಡೇ ಬಂದಿದ್ದಾಳೆ, ನನ್ನ ಮಂಚದ ಮೇಲೆ ಮಲಗಿದ್ದಾಳೆ. ನನ್ನ ತಲೆಯೊಳಗೆ ಎಂದಿನಂತೆ ವಾಕ್ಯಗಳು ಪಾಳಿ ಹಚ್ಚಿದವು: ನೆಲದ ಕಲ್ಲು, ಗೋಡೆಯ ಇಟ್ಟಿಗೆ, ನಮ್ಮ ಎಲುಬುಗಳೊಳಗೆ ಕೂಡ ಇರುವ ಅತ್ಯಲ್ಪ ಪ್ರಮಾಣ, ಅದರ ಅರ್ಥ, ಅದು ಯಾಕೆ ಲೆಕ್ಕಕ್ಕೆ ಬರುವುದಿಲ್ಲ.

"ಇಲ್ಲ," ಎಂದೆ.

ಅವಳು ಕಾಯುತ್ತಿದ್ದಳು. ನನ್ನ ಮಾತು ಅಷ್ಟಕ್ಕೆ ಮುಗಿಯುವುದಿಲ್ಲ ಎಂದು ಅವಳಿಗೆ ಹುಟ್ಟಿನಿಂದ ಗೊತ್ತು. ಕೊನೆಗೆ ಅವಳೇ ತಲೆಯೆತ್ತಿ ನೋಡಿದಳು.

"ಅಷ್ಟನ?"

"ಅಷ್ಟ."

ಅವಳು ಬಟ್ಟೆಯ ತುದಿ ಬಿಟ್ಟು, ಮಂಚದ ಮೇಲೆ ಎಡಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿನಲ್ಲಿ ಉಸಿರು ನಿಧಾನವಾಯಿತು. ಇನ್ನೂ ಅರ್ಧ ಸೀರೆ ಉಳಿದಿತ್ತು. ಹರಿಯುವ ಸದ್ದಿಗೆ ಎಚ್ಚರವಾದೀತು ಎಂದು ನಾನು ಕತ್ತರಿ ಹುಡುಕಲು ಎದ್ದೆ.